ದೇವರೆಂದರೆ ಇನ್ನೂ ಹೆದರಿಕೆ: ಕೃಪೆ ತಲೆಗೆ ಹತ್ತಿದೆ, ಹೊಟ್ಟೆಗೆ ಇಳಿದಿಲ್ಲ

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನಗೆ 36. ಧಾರವಾಡದ ಕಡೆಯವನು, ಈಗ ಬೆಂಗಳೂರು. ಮೂರು ತಲೆಮಾರಿನಿಂದ ನಾವು ಕ್ರೈಸ್ತರು. ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಟೀಚರೊಬ್ಬರು ಹೇಳುತ್ತಿದ್ದರು: ಮೇಲೆ ದೊಡ್ಡ ಪುಸ್ತಕ ಇದೆ, ತಪ್ಪು ಮಾಡಿದಾಗೆಲ್ಲ ನಿಮ್ಮ ಹೆಸರಿನ ಮುಂದೆ ಒಂದು ಗೆರೆ ಬೀಳುತ್ತದೆ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನನ್ನದೂ ಒಂದು ಪುಸ್ತಕ ಶುರು ಮಾಡಿದೆ. ಇವತ್ತಿಗೂ ದಿಂಬಿನ ಕೆಳಗೆ ಇನ್ನೂರು ಪುಟದ ನೋಟ್‌ಬುಕ್ ಇದೆ. ಮಲಗುವ ಮುಂಚೆ ಆ ದಿನದ ಪಾಪಗಳನ್ನು ಬರೆದು, ಒಂದೊಂದಕ್ಕೂ ಕ್ಷಮೆ ಕೇಳಿ, ಟಿಕ್ ಹಾಕಿ ಮಲಗುತ್ತೇನೆ. ಒಂದು ಮರೆತೆ ಅನಿಸಿದರೆ ಮತ್ತೆ ಎದ್ದು ಲೈಟ್ ಹಾಕುತ್ತೇನೆ. ಹೆಂಡತಿ ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ.

ಹೋದ ಮಳೆಗಾಲದಲ್ಲಿ ಬೈಕಿನಿಂದ ಬಿದ್ದು ಕಾಲರ್ ಬೋನ್ ಮುರಿಯಿತು. ನೋಡಲು ಬಂದ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ಹಾರ್ಲಿಕ್ಸ್ ಬಾಟಲಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು, "ದಶಮಾಂಶ ಏನಾದರೂ ತಪ್ಪಿಸಿದಿರಾ?" ದುಡಿಮೆಯ ಹತ್ತರಲ್ಲೊಂದು ಪಾಲನ್ನು ಸಭೆಗೆ ಕೊಡುವುದೇ ದಶಮಾಂಶ. ತಪ್ಪಿಸಿದ್ದೆ. ಎರಡು ತಿಂಗಳು. ಅಲ್ಲಿಂದ ಹೆದರಿಕೆ ಜಾಸ್ತಿಯಾಗಿದೆ.

ಈಗ ಬರೆಯುತ್ತಿರುವುದು ಮಗಳ ಕಾರಣಕ್ಕೆ. ಆರು ವರ್ಷದವಳು. ಮೊನ್ನೆ ಹಾಲಿನ ಲೋಟ ಬೀಳಿಸಿ, ನೆಲ ನೋಡದೆ ನನ್ನ ಮುಖ ನೋಡಿದಳು. "ಯೇಸಪ್ಪ ಹೊಡೀತಾರಾ?" ಅಂದಳು. ನಾನು ಅವಳಿಗೆ ಇದನ್ನು ಯಾವತ್ತೂ ಹೇಳಿಕೊಟ್ಟಿಲ್ಲ. ಎಲ್ಲಿಂದ ಕಲಿತಳು ಅಂತ ಕೇಳಬೇಕಾಗಿಯೂ ಇಲ್ಲ, ಅಲ್ವಾ?

ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ. ಬೈಬಲಿನ ಎಫೆಸ 2:8-9 ನನಗೆ ಬಾಯಿಪಾಠ. ಆದರೂ ಹೆದರಿಕೆ ಹೋಗುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೋಗಿದೆಯಾ? ಹೇಗೆ? ದಯವಿಟ್ಟು "ಪ್ರಾರ್ಥನೆ ಮಾಡಿ" ಅಂತ ಮಾತ್ರ ಬರೆಯಬೇಡಿ. ಮಾಡುತ್ತಲೇ ಇದ್ದೇನೆ.

ಕರಾವಳಿಯವ:
ನೋಟ್‌ಬುಕ್ ಕಥೆ ಓದಿ ನನ್ನ ಬಾಲ್ಯ ನೆನಪಾಯಿತು. ನಾವು ಮಂಗಳೂರಿನ ಕಥೋಲಿಕರು. ಶನಿವಾರ ಸಂಜೆ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಒಂಬತ್ತು ವರ್ಷದವನಿಗೆ ಎಷ್ಟು ಪಾಪ ಇರುತ್ತದೆ ಹೇಳಿ? ಪಟ್ಟಿ ಚಿಕ್ಕದಾದರೆ ಫಾದರ್ ನಂಬುವುದಿಲ್ಲ ಅಂತ ಇಲ್ಲದ ಪಾಪ ಸೇರಿಸಿ ಹೇಳುತ್ತಿದ್ದೆ. ಆಮೇಲೆ ಸುಳ್ಳು ಹೇಳಿದ ಪಾಪಕ್ಕೆ ಮುಂದಿನ ಶನಿವಾರ ಮತ್ತೆ ಸಾಲು.

ಮೊಸರನ್ನ:
ಇದು ಬಡ್ಡಿಗೆ ಬಡ್ಡಿ ಆಯಿತಲ್ಲ ಮಾರಾಯ್ರೇ.

ಕಟುಸತ್ಯ:
ಎಲ್ಲರೂ ಸಮಾಧಾನ ಹೇಳಲು ಓಡಿ ಬರುತ್ತೀರಿ. ನಾನು ಬೇರೆ ಮಾತು ಹೇಳುತ್ತೇನೆ. ಇವತ್ತಿನ ಸಭೆಗಳಲ್ಲಿ ದೇವರ ಭಯ ಎಲ್ಲಿದೆ? ಆರಾಧನೆ ನಡೆಯುವಾಗ ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು. ಬೋಧನೆ ಕೇಳಿದರೆ "ದೇವರು ನಿಮ್ಮ ಫ್ರೆಂಡು". ಯೆಹೋವನ ಭಯವೇ ಜ್ಞಾನಕ್ಕೆ ಮೂಲ, ಜ್ಞಾನೋಕ್ತಿ 9:10. ಜೀವಸ್ವರೂಪನಾದ ದೇವರ ಕೈಗೆ ಸಿಕ್ಕಿಬೀಳುವುದು ಭಯಂಕರ, ಇಬ್ರಿಯ 10:31. ಆತ್ಮವನ್ನೂ ದೇಹವನ್ನೂ ನರಕದಲ್ಲಿ ನಾಶಮಾಡಬಲ್ಲವನಿಗೆ ಹೆದರಿರಿ ಅಂದವನು ಸ್ವತಃ ಯೇಸು, ಮತ್ತಾಯ 10:28. ಇದನ್ನೆಲ್ಲ ಕತ್ತರಿ ಹಾಕಿ ತೆಗೆಯುತ್ತೀರಾ?

ನಾನು ಕುಡಿತ ಬಿಟ್ಟು 11 ವರ್ಷ. ಬಿಟ್ಟಿದ್ದು ನರಕದ ಭಯದಿಂದಲೇ. ಕೃಪೆ ಕೃಪೆ ಅಂದುಕೊಂಡು ಕೂತಿದ್ದರೆ ಇಷ್ಟು ಹೊತ್ತಿಗೆ ನನ್ನ ಲಿವರ್ ಹೋಗಿರುತ್ತಿತ್ತು.

ಗುಬ್ಬಚ್ಚಿ:
ಮತ್ತಾಯ 10:28 ಹೇಳಿದಿರಿ, 31 ಯಾಕೆ ಬಿಟ್ಟಿರಿ? ಮೂರೇ ಮೂರು ವಚನ ಕೆಳಗೆ ಇದೆ. "ಹೆದರಬೇಡಿರಿ, ಬಹಳ ಗುಬ್ಬಿಗಳಿಗಿಂತ ನೀವು ಹೆಚ್ಚಿನವರು." ಅದೇ ಬಾಯಿ, ಅದೇ ಮಾತಿನ ಓಟ.

ಕಟುಸತ್ಯ:
ಬಿಟ್ಟಿಲ್ಲ. ಹೆಸರೇ ಗುಬ್ಬಚ್ಚಿ ಅಂತ ಇಟ್ಟುಕೊಂಡವರು ಅದನ್ನು ತರುತ್ತಾರೆ ಅಂತ ಗೊತ್ತಿತ್ತು :)

ಹಳೇಪುಸ್ತಕ:
ರಾತ್ರಿಪಾಳಿಯವರೇ, ನಿಮ್ಮ ಪೋಸ್ಟ್ ಓದುತ್ತಾ ನನಗೆ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಕಣ್ಣ ಮುಂದೆ ಬಂದ. ಲೂಥರ್ ಅಂದರೆ ನಮ್ಮಲ್ಲಿ ಎಲ್ಲರಿಗೂ 1517, ವಿಟೆನ್‌ಬರ್ಗ್, 95 ಪ್ರಮೇಯ, ಪೋಪ್ ಜೊತೆ ಜಗಳ. ಅದಕ್ಕೂ ಮುಂಚಿನ ಲೂಥರ್ ನಿಮ್ಮ ಹಾಗೇ ಇದ್ದ.

1505ರ ಜುಲೈ. 21 ವರ್ಷದ ಹುಡುಗ, ಕಾನೂನು ವಿದ್ಯಾರ್ಥಿ. ಎರ್ಫರ್ಟ್ ಹತ್ತಿರ ಸ್ಟಾಟರ್ನ್‌ಹೈಮ್ ಅನ್ನುವ ಹಳ್ಳಿಯ ಬಳಿ ನಡೆದು ಬರುವಾಗ ಪಕ್ಕದಲ್ಲೇ ಸಿಡಿಲು ಬಡಿಯಿತು. ಸಂತ ಅನ್ನಮ್ಮನನ್ನು ಕೂಗಿ "ಕಾಪಾಡು, ಸನ್ಯಾಸಿ ಆಗುತ್ತೇನೆ" ಅಂದುಬಿಟ್ಟ. ಎರಡು ವಾರದಲ್ಲಿ ಮಠ ಸೇರಿದ. ಅಪ್ಪನಿಗೆ ಕೆಂಡದಂಥ ಕೋಪ. ಅಂದರೆ ಶುರುವೇ ಹೆದರಿಕೆಯಿಂದ. ಮಠದಲ್ಲಿ ಅದು ಕಡಿಮೆಯಾಗಲಿಲ್ಲ, ಬೆಳೆಯಿತು. 1507ರಲ್ಲಿ ಮೊದಲ ಪೂಜೆ ಅರ್ಪಿಸುವಾಗ ನಡುಗಿಬಿಟ್ಟ. ಸ್ಟೌಪಿಟ್ಸ್ ಅನ್ನುವ ಹಿರಿಯ ಗುರುವಿನ ಹತ್ತಿರ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಮುಗಿಸಿ ಹೊರಗೆ ಹೋದ ಮೇಲೆ ಇನ್ನೊಂದು ನೆನಪಾಗುತ್ತಿತ್ತು. ನಿಮ್ಮ ಟಿಕ್ ಹಾಕುವ ನೋಟ್‌ಬುಕ್ ಅದೇ ಅಲ್ವಾ?

ತಿರುವು ಸಿಕ್ಕಿದ್ದು ಬೈಬಲಿನ ರೋಮಾಪುರ ಪತ್ರಿಕೆ 1:17ರಲ್ಲಿ. "ದೇವರ ನೀತಿ" ಅನ್ನುವ ಮಾತು ಕೇಳಿದರೇ ಅವನಿಗೆ ಮೈ ಉರಿಯುತ್ತಿತ್ತು. ನೀತಿ ಅಂದರೆ ತಕ್ಕಡಿ ಹಿಡಿದು ಶಿಕ್ಷೆ ಕೊಡುವುದು ಅಂತ ತಿಳಿದಿದ್ದ. ನೀತಿವಂತನಾದ ಆ ದೇವರನ್ನು ತಾನು ಪ್ರೀತಿಸಲಿಲ್ಲ, ದ್ವೇಷಿಸಿದೆ ಅಂತ ಮುಪ್ಪಿನಲ್ಲಿ, 1545ರಲ್ಲಿ, ತಾನೇ ಬರೆದುಕೊಂಡಿದ್ದಾನೆ. ಆಮೇಲೆ ಹೊಳೆಯಿತು: ಆ ನೀತಿ ದೇವರು ನಮ್ಮಿಂದ ವಸೂಲು ಮಾಡುವುದಲ್ಲ, ನಮಗೆ ಕೊಡುವುದು. ಬಿಟ್ಟಿಯಾಗಿ. ನಂಬಿ ಕೈ ಚಾಚಿದವನಿಗೆ. ಅದನ್ನು ಓದಿದಾಗ ಸ್ವರ್ಗದ ಬಾಗಿಲೇ ತೆರೆದ ಹಾಗಾಯಿತಂತೆ.

ಇನ್ನೊಂದು ಸಂಗತಿ. ಒಂದೇ ಒಂದು ಬೀಜದ ಕಾಯಿಗಾಗಿ ಅಮ್ಮ ರಕ್ತ ಬರುವ ಹಾಗೆ ಹೊಡೆದಿದ್ದನ್ನು ಲೂಥರ್ ದೊಡ್ಡವನಾದ ಮೇಲೂ ಊಟದ ಮೇಜಿನಲ್ಲಿ ಹೇಳುತ್ತಿದ್ದ. ನಿಮ್ಮ ಮಗಳ ಹಾಲಿನ ಲೋಟ ಓದಿದಾಗ ಇದೇ ನೆನಪಾಯಿತು.

ಕರಾವಳಿಯವ:
ಕಥೆ ಚೆನ್ನಾಗಿದೆ. ಆದರೆ ಇದನ್ನು ಓದಿದವರು ಕಥೋಲಿಕರಲ್ಲಿ ಕೃಪೆಯೇ ಇರಲಿಲ್ಲ, ಲೂಥರ್ ಬಂದು ಕಂಡುಹಿಡಿದ ಅಂದುಕೊಳ್ಳುತ್ತಾರೆ. ಅವನಿಗೆ ಕ್ರಿಸ್ತನ ಗಾಯಗಳನ್ನು ನೋಡು ಅಂತ ಹೇಳಿಕೊಟ್ಟ ಸ್ಟೌಪಿಟ್ಸ್ ಕಥೋಲಿಕ ಗುರುವೇ. ಕೊನೆವರೆಗೂ ಕಥೋಲಿಕನಾಗಿಯೇ ಸತ್ತ.

ಹಳೇಪುಸ್ತಕ:
ಒಪ್ಪಿದೆ. ಅದನ್ನು ನಾನೇ ಹೇಳಬೇಕಿತ್ತು.

ಸಭೆಹುಡುಗ:
ಆದರೂ ಕ್ರಿಯೆಗಳಿಂದ ರಕ್ಷಣೆ ಅನ್ನುವುದು ನಿಮ್ಮವರದ್ದೇ ಬೋಧನೆ ಅಲ್ವಾ? ನೊವೇನಾ ಅನ್ನುವ ಒಂಬತ್ತು ದಿನದ ಪ್ರಾರ್ಥನೆ, ಮೇಣದಬತ್ತಿ, ಹರಕೆ...

ಕರಾವಳಿಯವ:
ಅಲ್ಲ. ನಿಮ್ಮಲ್ಲಿ ಉಪವಾಸ ಪ್ರಾರ್ಥನೆ 21 ದಿನ ಮಾಡಿದರೆ ವೀಸಾ ಸಿಗುತ್ತದೆ ಅಂತಾರಲ್ಲ, ಅದೇನು?

ಹಳೇಪುಸ್ತಕ:
ಸಾಕು ಸಾಕು. ಲೂಥರನ್ ಸಭೆಗಳ ಒಕ್ಕೂಟದವರೂ ರೋಮಿನ ಕಥೋಲಿಕ ಸಭೆಯವರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕೂತು ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅಂತ ಎರಡೂ ಕಡೆಯವರು ಒಟ್ಟಿಗೆ ಒಪ್ಪಿಕೊಂಡರು. ಆ ಜಗಳ ಅವರೇ ಕಡಿಮೆ ಮಾಡಿಕೊಂಡಿದ್ದಾರೆ, ನಾವು ಇಲ್ಲಿ ಯಾಕೆ ಮುಂದುವರಿಸುವುದು?

ಸಭೆಹುಡುಗ:
ಇದು ಗೊತ್ತಿರಲಿಲ್ಲ. ಸರಿ.

ಭಾಷೆಹುಚ್ಚ:
ಎಲ್ಲರೂ "ಭಯ" ಅನ್ನುವ ಪದವನ್ನು ಒಂದೇ ಅರ್ಥದಲ್ಲಿ ಎಳೆದಾಡುತ್ತಿದ್ದೀರಿ. ವಿಮೋಚನಕಾಂಡ 20:20 ತೆಗೆದು ನೋಡಿ. ಸೀನಾಯಿ ಬೆಟ್ಟ, ಗುಡುಗು, ಹೊಗೆ, ಜನ ಗಡಗಡ ನಡುಗುತ್ತಾ ದೂರ ನಿಂತಿದ್ದಾರೆ. ಮೋಶೆ ಹೇಳುತ್ತಾನೆ: ಹೆದರಬೇಡಿ, ದೇವರ ಭಯ ನಿಮ್ಮಲ್ಲಿದ್ದು ನೀವು ಪಾಪ ಮಾಡದೆ ಇರಲಿ ಅಂತಲೇ ಆತನು ಬಂದಿದ್ದಾನೆ. ಒಂದೇ ಉಸಿರಿನಲ್ಲಿ "ಹೆದರಬೇಡಿ", "ಭಯ ಇರಲಿ". ಮೂಲ ಹೀಬ್ರೂವಿನಲ್ಲೂ ಎರಡಕ್ಕೂ ಧಾತು ಒಂದೇ.

ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೇ ಪದ ಇದೆ, "ಭಯಭಕ್ತಿ". ಬರೀ ಭಯ ಇದ್ದವನು ಓಡುತ್ತಾನೆ. ಭಯಭಕ್ತಿ ಇದ್ದವನು ಚಪ್ಪಲಿ ಬಿಟ್ಟು ಹತ್ತಿರ ಬರುತ್ತಾನೆ. ಏದೆನ್ ತೋಟದಲ್ಲಿ ಆದಾಮ ಹೇಳಿದ್ದು ಮೊದಲನೆಯದು: ನಿನ್ನ ಸಪ್ಪಳ ಕೇಳಿ ಹೆದರಿ ಅಡಗಿಕೊಂಡೆ. ಕೀರ್ತನೆ 130:4 ಎರಡನೆಯದು, ಮತ್ತು ಅದು ತಲೆಕೆಳಗಾದ ವಚನ. "ನಿನ್ನಲ್ಲಿ ಶಿಕ್ಷೆ ಉಂಟು, ಅದಕ್ಕೇ ಭಯ" ಅಂತ ಇರಬೇಕಿತ್ತು. ಇರುವುದು "ನಿನ್ನಲ್ಲಿ ಕ್ಷಮೆ ಉಂಟು, ಆದ್ದರಿಂದ ಭಯಭಕ್ತಿ" ಅನ್ನುವ ಅರ್ಥದಲ್ಲಿ.

ಮೊಸರನ್ನ:
ನಾನು ಕ್ರೈಸ್ತನಲ್ಲ, ಸುಮ್ನೆ ಓದಲು ಬಂದವನು. ಕೃಪೆಯ ಮಾತು ಬಂದಿದ್ದಕ್ಕೆ ಒಂದು. ನಮ್ಮ ಅಜ್ಜಿ ಮೇಲುಕೋಟೆಯವರು. ಶ್ರೀವೈಷ್ಣವರಲ್ಲಿ ಇದೇ ಜಗಳ ಶತಮಾನಗಳಿಂದ ಇದೆ, ಕೋತಿಮರಿಯಾ, ಬೆಕ್ಕಿನ ಮರಿಯಾ ಅಂತ. ಕೋತಿಮರಿ ತಾಯಿಯ ಹೊಟ್ಟೆ ಗಟ್ಟಿಯಾಗಿ ಹಿಡಿದುಕೊಂಡಿರಬೇಕು, ಕೈ ಬಿಟ್ಟರೆ ಕೆಳಗೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಅಂತಾರೆ. ರಾತ್ರಿಪಾಳಿಯವರು ಕೋತಿಮರಿ ಅನಿಸುತ್ತದೆ.

ಹಳೇಪುಸ್ತಕ:
ಭಲೇ. ಜರ್ಮನಿಯ ರುಡಾಲ್ಫ್ ಆಟೋ 1930ರಲ್ಲೇ ಭಾರತದ ಈ ಕೃಪಾಮಾರ್ಗವನ್ನೂ ಕ್ರೈಸ್ತ ಕೃಪೆಯನ್ನೂ ಹೋಲಿಸಿ ಒಂದು ಪುಸ್ತಕವನ್ನೇ ಬರೆದಿದ್ದಾನೆ.

ಸಭೆಹುಡುಗ:
ಬೆಕ್ಕು ಕತ್ತು ಕಚ್ಚಿದಾಗ ಮರಿಗೂ ಹೆದರಿಕೆ ಆಗುವುದಿಲ್ಲವಾ?

ಮೊಸರನ್ನ:
ಮನೇಲಿ ಮೂರು ಮರಿ ಇವೆ. ಆಗುವುದಿಲ್ಲ. ಬಟ್ಟೆ ಹಾಗೆ ಜೋತು ಬೀಳುತ್ತವೆ.

ಡ್ಯೂಟಿರೂಮ್:
ನರ್ಸ್ ಆಗಿ 14 ವರ್ಷ ಕೆಲಸ ಮಾಡಿದ್ದೇನೆ, ಅದರಲ್ಲಿ ಸ್ವಲ್ಪ ಕಾಲ ಮಾನಸಿಕ ಆರೋಗ್ಯ ವಿಭಾಗದಲ್ಲಿ. ರಾತ್ರಿಪಾಳಿಯವರೇ, ವಚನ ಎಲ್ಲ ಆಮೇಲೆ. ಪಟ್ಟಿ ಬರೆಯದೆ ನಿದ್ದೆ ಬರದೇ ಇರುವುದು, ಮತ್ತೆ ಎದ್ದು ಪರಿಶೀಲಿಸುವುದು, ಟಿಕ್ ಹಾಕಿದ ಮೇಲೆ ಹತ್ತು ನಿಮಿಷ ಸಮಾಧಾನ, ಮತ್ತೆ ಶುರು. ಇದು ಗೀಳು ಕಾಯಿಲೆಯ ಒಂದು ರೂಪ ಆಗಿರಬಹುದು. ಬಾಗಿಲ ಬೀಗ ಹತ್ತು ಸಲ ನೋಡುವವರಿರುತ್ತಾರಲ್ಲ, ಹಾಗೆಯೇ ಪಾಪದ ಪಟ್ಟಿ. ಆಗಿದೆ ಅಂತ ನಾನು ಇಲ್ಲಿಂದ ಹೇಳುವಂತಿಲ್ಲ. ಒಬ್ಬ ಡಾಕ್ಟರಿಗೆ ತೋರಿಸಿ. ಚಿಕಿತ್ಸೆ ಇದೆ. ಮಾತನಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತನಾಡುತ್ತಾರೆ.

ಲೊಯೋಲದ ಇಗ್ನೇಷಿಯಸ್ ಗೊತ್ತಲ್ಲ, ಜೆಸ್ವಿಟ್ ಅನ್ನುವ ಕಥೋಲಿಕ ಗುರುಗಳ ಸಂಘ ಹುಟ್ಟುಹಾಕಿದವರು. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿ ಅವರಿಗೂ ಹೀಗೇ ಆಗಿತ್ತು. ಹಳೇ ಪಾಪಗಳನ್ನು ಮತ್ತೆ ಮತ್ತೆ ನಿವೇದನೆ ಮಾಡುವುದು. ಗುರುಗಳು ಬೇಸತ್ತು, "ತೀರಾ ಸ್ಪಷ್ಟವಾಗಿ ಗೊತ್ತಿರುವುದನ್ನು ಬಿಟ್ಟು ಹಳೆಯದೇನೂ ಹೇಳಬೇಡ" ಅಂದರು. ಇಗ್ನೇಷಿಯಸ್‌ಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಸಾಯುವ ಯೋಚನೆವರೆಗೂ ಹೋಗಿತ್ತು. ಕೊನೆಗೆ ಹಳೆಯದನ್ನು ಕೆದಕುವುದನ್ನೇ ನಿಲ್ಲಿಸಿದರು.

ರಾತ್ರಿಪಾಳಿ:
ಎಲ್ಲವನ್ನೂ ಓದಿದೆ. "ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು" ಅನ್ನುವುದು ನಾನೇ. ನಕ್ಕೆ, ಆಮೇಲೆ ಅಳು ಬಂತು.

ಆದರೆ ಡಾಕ್ಟರ ಹತ್ತಿರ ಹೋದರೆ ವಿಶ್ವಾಸ ಕಮ್ಮಿ ಅಂತ ಆಗುವುದಿಲ್ಲವಾ?

ಡ್ಯೂಟಿರೂಮ್:
ಮೂಳೆ ಮುರಿದಾಗ ಹೋಗಿದ್ದಿರಲ್ಲ?

ಗುಬ್ಬಚ್ಚಿ:
ಆ ದಶಮಾಂಶದ ಮಾತು ನನಗೆ ಕುದಿಯುತ್ತಿದೆ. ಹಾರ್ಲಿಕ್ಸ್ ತಂದು ವಿಷ ಕೊಟ್ಟು ಹೋದರು. ಸಿಲೋವಾದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ ಯೇಸು ಏನು ಕೇಳಿದ? ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರು ಅಂದುಕೊಂಡಿರಾ, ಇಲ್ಲ. ಲೂಕ 13. ಹುಟ್ಟುಕುರುಡನನ್ನು ನೋಡಿ ಶಿಷ್ಯರು "ಯಾರು ಮಾಡಿದ ಪಾಪ" ಅಂದರೆ "ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ". ಯೋಹಾನ 9. ಬೈಕ್ ಜಾರಿದ್ದು ರಸ್ತೆಯ ಗುಂಡಿಯಿಂದ.

ಕಟುಸತ್ಯ:
ಲೂಕ 13ರಲ್ಲಿ "ಇಲ್ಲ" ಅಂದ ತಕ್ಷಣ "ನೀವು ತಿರುಗಿಕೊಳ್ಳದಿದ್ದರೆ ಎಲ್ಲರೂ ಹಾಗೆಯೇ ನಾಶವಾಗುವಿರಿ" ಅಂತಲೂ ಇದೆ. ಈಗ ಕತ್ತರಿ ಹಾಕಿದ್ದು ನೀವು.

ಆದರೆ ಆ ಹಿರಿಯರು ಮಾಡಿದ್ದು ತಪ್ಪು. ಅದನ್ನು ನಾನೂ ಒಪ್ಪುತ್ತೇನೆ.

ಗುಬ್ಬಚ್ಚಿ:
ಒಂದೊಂದು ಕತ್ತರಿ. ಲೆಕ್ಕ ಚುಕ್ತಾ.

ಮೆಥಡಿಸ್ಟ್ ಅಜ್ಜ:
ನಮ್ಮ ಮೆಥಡಿಸ್ಟರ ಮೂಲಪುರುಷ, ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯ ಕಥೆ ಯಾರೂ ಹೇಳಲಿಲ್ಲ. ಮೈಸೂರಿನಲ್ಲಿ ವೆಸ್ಲಿ ಹೆಸರಿನ ಛಾಪಖಾನೆ ಇತ್ತಲ್ಲ, ಆ ವೆಸ್ಲಿ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹಡಗಿನಲ್ಲಿ ಹೋಗುತ್ತಿದ್ದ, ಮಿಷನರಿಯಾಗಿ. ಬಿರುಗಾಳಿಗೆ ದೊಡ್ಡ ಹಾಯಿಪಟ ಹರಿದು ನೀರು ಒಳಗೆ ನುಗ್ಗಿತು. ಇಂಗ್ಲಿಷರೆಲ್ಲ ಚೀರಾಟ. ಜರ್ಮನಿಯ ಮೊರೇವಿಯನ್ ಅನ್ನುವ ಕ್ರೈಸ್ತ ಪಂಗಡದವರು ಮಾತ್ರ ಕೀರ್ತನೆ ಹಾಡುತ್ತಿದ್ದವರು ಹಾಡುತ್ತಲೇ ಇದ್ದರು. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ಕೇಳಿದ, ಹೆದರಿಕೆ ಆಗಲಿಲ್ಲವಾ ಅಂತ. ದೇವರ ದಯೆ, ಇಲ್ಲ ಅಂದ. ಹೆಂಗಸರು ಮಕ್ಕಳಿಗೆ? ನಮ್ಮ ಹೆಂಗಸರು ಮಕ್ಕಳು ಸಾಯಲು ಹೆದರುವುದಿಲ್ಲ ಅಂದ. ಬೋಧಿಸಲು ಹೊರಟಿದ್ದ ಪಾದ್ರಿಗೆ ತನ್ನ ಹೊಟ್ಟೆಯೊಳಗೇನಿದೆ ಅಂತ ಆಗ ಗೊತ್ತಾಯಿತು.

ಎರಡು ವರ್ಷ ಬಿಟ್ಟು 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ. ಮನಸ್ಸಿಲ್ಲದೆ ಕೂಟಕ್ಕೆ ಹೋಗಿದ್ದ. ಯಾರೋ ಓದುತ್ತಿದ್ದರು. ಏನನ್ನು? ರೋಮಾಪುರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ. ಎದೆ ಬೆಚ್ಚಗಾಯಿತು ಅಂತ ಬರೆದಿಟ್ಟಿದ್ದಾನೆ.

ಜನ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ. ಅದಾಗಿ ಏಳೆಂಟು ತಿಂಗಳಿಗೆ, 1739ರ ಜನವರಿಯಲ್ಲಿ, ಅದೇ ವೆಸ್ಲಿ ದಿನಚರಿಯಲ್ಲಿ "ನಾನೀಗ ಕ್ರೈಸ್ತನಲ್ಲ" ಅಂತ ಬರೆದುಕೊಂಡ! ಬೆಚ್ಚಗಾದದ್ದು ತಣ್ಣಗೂ ಆಗುತ್ತದೆ ಮಗಾ. ಎದೆಗೆ ಥರ್ಮಾಮೀಟರ್ ಇಟ್ಟು ಕೃಪೆ ಅಳೆಯಬೇಡ.

ಹಳೇಪುಸ್ತಕ:
ಅಜ್ಜ, ಸೂಪರ್. ಲೂಥರನಿಗೂ ಹೆದರಿಕೆ ಪೂರ್ತಿ ಹೋಗಲಿಲ್ಲ. ಪಾಪವೂ ಮನಸ್ಸಾಕ್ಷಿಯೂ ಹಿಂಡಿದಾಗ "ಏನೇ ಆಗಲಿ, ನನಗೆ ದೀಕ್ಷಾಸ್ನಾನ ಆಗಿದೆ" ಅಂತ ಹೇಳಿಕೊಳ್ಳಿ ಅಂದ, 1529ರಲ್ಲಿ. ಒಳಗಿನ ಭಾವನೆಗೆ ಜೋತುಬೀಳಬೇಡಿ, ಹೊರಗೆ ನಿಮಗಾಗಿ ನಡೆದುಹೋಗಿರುವ ಸಂಗತಿಯನ್ನು ಹಿಡಿಯಿರಿ ಅನ್ನುವುದು ಅದರ ತಿರುಳು.

ಮುಚ್ಚಿದ ಕಿಟಕಿ:
ನಾನು ಇಲ್ಲಿ ಬರೆಯುವುದು ಕಡಿಮೆ. "ತಂದೆ" ಅಂತ ಎಲ್ಲರೂ ಸುಲಭವಾಗಿ ಹೇಳುತ್ತೀರಿ. ನಮ್ಮಪ್ಪ ಕುಡಿದು ಬಂದಾಗ ಗೇಟಿನ ಚಿಲಕದ ಸದ್ದಿಗೇ ನಾವು ಮಂಚದ ಕೆಳಗೆ ಹೋಗುತ್ತಿದ್ದೆವು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಪ್ರಾರ್ಥನೆ ಶುರುವಾದರೆ ನನಗೆ ಚಿಲಕದ ಸದ್ದು ಕೇಳುತ್ತಿತ್ತು. ರೋಮಾಪುರ 8:15, ಅಪ್ಪಾ ತಂದೆಯೇ ಅಂತ ಕೂಗುವ ಆತ್ಮ, ಹದಿನೈದು ವರ್ಷ ನನ್ನಿಂದ ಅದನ್ನು ಓದಲು ಆಗಲೇ ಇಲ್ಲ.

ನಮ್ಮ ಸಭಾಪಾಲಕರ ಹೆಂಡತಿ ಒಂದು ದಿನ ಯೆಶಾಯ 66:13 ತೋರಿಸಿದರು. ತಾಯಿ ಮಗನನ್ನು ಸಂತೈಸುವ ಹಾಗೆ ನಾನು ನಿಮ್ಮನ್ನು ಸಂತೈಸುವೆನು. "ಅಪ್ಪ ಬೇಡವಾದರೆ ಇಲ್ಲಿಂದ ಶುರು ಮಾಡು, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ" ಅಂದರು. ನನಗೆ ಅಜ್ಜಿ ನೆನಪಾದಳು. ತಲೆಗೆ ಹರಳೆಣ್ಣೆ ಹಚ್ಚಿ ಸಿಕ್ಕು ಬಿಡಿಸುವಾಗ ಬುಡದಲ್ಲಿ ಕೂದಲು ಹಿಡಿದುಕೊಳ್ಳುತ್ತಿದ್ದಳು, ನೋವಾಗಬಾರದು ಅಂತ. ಅಲ್ಲಿಂದ ಶುರು ಮಾಡಿದೆ. ಇನ್ನೂ ಪೂರ್ತಿ ಬಂದಿಲ್ಲ.

ಭಾಷೆಹುಚ್ಚ:
ನಾನು ಬರೆದಿದ್ದ ಧಾತುಗೀತು ಎಲ್ಲ ವಾಪಸ್ ತಗೊಂಡೆ.

ಗುಬ್ಬಚ್ಚಿ:
ಬುಡದಲ್ಲಿ ಹಿಡಿದುಕೊಳ್ಳುವುದು. ಇದನ್ನು ಮರೆಯುವುದಿಲ್ಲ ನಾನು.

ಕರಾವಳಿಯವ:
ಕಟುಸತ್ಯ, ಒಂದು ಕೇಳಲಾ? ಬಿಟ್ಟಿದ್ದು ಭಯದಿಂದ, ಒಪ್ಪಿದೆ. 11 ವರ್ಷ ಉಳಿದದ್ದು?

ಕಟುಸತ್ಯ:
ಬೇಕೂಂತ ಕೇಳುತ್ತೀರಿ.

ಸರಿ, ಹೇಳುತ್ತೇನೆ. ಭಯದಿಂದ ಬಿಟ್ಟದ್ದು ಏಳು ತಿಂಗಳು ನಡೆಯಿತು. ಆಮೇಲೆ ಮತ್ತೆ ಕುಡಿದೆ, ಮೂರು ದಿನ. ಹೆಂಡತಿ ತವರಿಗೆ ಹೋದಳು. ನಾಲ್ಕನೇ ದಿನ ಬೆಳಿಗ್ಗೆ ಪಾಸ್ಟರ್ ಬಂದರು. ಬೈಯುತ್ತಾರೆ ಅಂತ ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಬೈದರೆ ಸಾಕು ಅನಿಸಿತ್ತು. ಅವರು ಸೀದಾ ಅಡುಗೆಮನೆಗೆ ಹೋಗಿ, ಸಿಂಕಿನಲ್ಲಿದ್ದ ಮೂರು ದಿನದ ಪಾತ್ರೆ ತೊಳೆದು, ಚಹಾ ಮಾಡಿ ತಂದರು. ಏನೂ ಕೇಳಲಿಲ್ಲ. ಸಕ್ಕರೆ ಎಷ್ಟು ಅಂತ ಮಾತ್ರ ಕೇಳಿದರು. ಅವತ್ತಿಂದ 11 ವರ್ಷ.

ಆದರೂ ಹೇಳುತ್ತೇನೆ, ಆ ಮೊದಲ ಏಳು ತಿಂಗಳು ಇಲ್ಲದಿದ್ದರೆ ಪಾಸ್ಟರ್ ಬರುವ ಹೊತ್ತಿಗೆ ನಾನಿರುತ್ತಿರಲಿಲ್ಲ. ಭಯವನ್ನು ಪೂರ್ತಿ ಕಸಕ್ಕೆ ಹಾಕಬೇಡಿ.

ಮೆಥಡಿಸ್ಟ್ ಅಜ್ಜ:
ಹಾಕುವುದಿಲ್ಲ. ಆದರೆ ಪೂರ್ಣ ಪ್ರೀತಿ ಹೆದರಿಕೆಯನ್ನು ಹೊರಗೆ ಹಾಕುತ್ತದೆ ಅಂತ ಯೋಹಾನ ಬರೆದಿದ್ದಾನೆ, 4:18. ಸಕ್ಕರೆ ಎಷ್ಟು ಅಂತ ಕೇಳಿಯೇ ಹಾಕುತ್ತದೆ ಅನಿಸುತ್ತದೆ.

ಸಭೆಹುಡುಗ:
ಅದು ಒಂದನೇ ಯೋಹಾನ, ಅಜ್ಜ. ಸುವಾರ್ತೆ ಅಲ್ಲ.

ಮೆಥಡಿಸ್ಟ್ ಅಜ್ಜ:
ಗೊತ್ತು ಕಣೋ.

ಸಣ್ಣಕ್ಷರ:
ವಿಷಯ ಬೇರೆ, ಕ್ಷಮಿಸಿ. ಅಮ್ಮನಿಗೆ ದೊಡ್ಡಕ್ಷರದ ಕನ್ನಡ ಬೈಬಲ್ ಬೇಕು. "ಯೆಹೋವ" ಅಂತ ಇರುವ ಹಳೇ ಅನುವಾದವೇ ಆಗಬೇಕಂತೆ. ಕಥೋಲಿಕ ಗೆಳತಿ ಕೊಟ್ಟದ್ದರಲ್ಲಿ "ಸರ್ವೇಶ್ವರ" ಅಂತ ಇದೆ, ಅಮ್ಮ ಮುಟ್ಟುತ್ತಿಲ್ಲ.

ಡ್ಯೂಟಿರೂಮ್:
ಬೈಬಲ್ ಸೊಸೈಟಿ ಅಂಗಡಿಯಲ್ಲಿ ವಿಚಾರಿಸಿ. ಜೊತೆಗೆ ಅಮ್ಮನ ಕಣ್ಣಿನ ಪೊರೆಯನ್ನೂ ಒಮ್ಮೆ ತೋರಿಸಿ.

ರಾತ್ರಿಪಾಳಿ:
ಹತ್ತು ದಿನ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬಂದೆ, ಮುಂದಿನ ವಾರ ಮತ್ತೆ ಇದೆ. ನೋಟ್‌ಬುಕ್ ಇನ್ನೂ ದಿಂಬಿನ ಕೆಳಗೇ ಇದೆ. ಮೊನ್ನೆ ನಾಲ್ಕು ಸಾಲು ಬರೆದು, ಐದನೆಯದು ನೆನಪಾದರೂ ಲೈಟ್ ಹಾಕದೆ ಮಲಗಿದೆ. ನಿದ್ದೆ ಬಂದದ್ದು ಎರಡೂವರೆಗೆ.

ನಿನ್ನೆ ಮಗಳು ಮತ್ತೆ ಹಾಲು ಚೆಲ್ಲಿದಳು. ಮತ್ತೆ ನನ್ನ ಮುಖವನ್ನೇ ನೋಡಿದಳು. ಏನು ಹೇಳಬೇಕು ಅಂತ ಯೋಚಿಸಿಟ್ಟದ್ದೆಲ್ಲ ಮರೆತುಹೋಯಿತು. ಚಹಾದ ಪಾಸ್ಟರ್ ನೆನಪಾದರು. "ಹೋಗಿ ಬಟ್ಟೆ ತಗೊಂಡು ಬಾ" ಅಂದೆ. ತಂದಳು. ಇಬ್ಬರೂ ಕೂತು ಒರೆಸಿದೆವು. "ಇನ್ನೊಂದು ಲೋಟ ಕೊಡ್ತೀಯಾ?" ಅಂದಳು. ಕೊಟ್ಟೆ.

ಮೊಸರನ್ನ:
ಈ ಸಲ ಅಗಲ ತಳದ ಸ್ಟೀಲ್ ಲೋಟದಲ್ಲಿ ಕೊಡಿ. ಚೆಲ್ಲಿದ್ದು ನಮ್ಮ ಮನೆಗೆ ಕಳಿಸಿ, ಮೂರು ಮರಿ ಕಾಯುತ್ತಿವೆ.